ಮೇಲೇಳದ ತೋಳು

"ಗಟ್ಟಿಯಾಗಿ ಉಜ್ಜೇ ಹನಿಯಾ, ಬೆಕ್ಕು ಸವರಿದ ಹಾಗೆ ಸವರ್ತಿದೀಯಲ್ಲ!" ಎಂದಳು ಬಿಸಿಗಲ್ಲಿನ ಮೇಲೆ ಬೋರಲು ಮಲಗಿದ್ದ ಜವಳಿ ವ್ಯಾಪಾರಿಯ ಹೆಂಡತಿ.

ಹನಿಯಾ ಹಲ್ಲು ಕಚ್ಚಿ ಕೈಯನ್ನು ಆಕೆಯ ಬೆನ್ನಿನ ಮೇಲೆ ಚಾಚಿದಳು. ಭುಜದೊಳಗೆ ಕಾದ ಸರಳು ತೂರಿದಂತಾಗಿ ತೋಳು ಅರ್ಧದಲ್ಲೇ ನಿಂತಿತು. ಎಡಗೈಯಲ್ಲಿದ್ದ ಬಕೆಟ್ ಜಾರಿ ಬಿಸಿನೀರು ಆ ಹೆಂಗಸಿನ ಕಾಲ ಮೇಲೆ ಚೆಲ್ಲಿತು. ಅವಳ ಕಿರುಚಾಟ ಹಮ್ಮಾಮು ಎಂಬ ಆ ಸಾರ್ವಜನಿಕ ಸ್ನಾನಗೃಹದ ಗುಮ್ಮಟಕ್ಕೆ ಬಡಿದು ಮರಳಿತು.

"ಇತ್ಲಾಗೆ ಬಿಡು," ಎನ್ನುತ್ತ ಪಕ್ಕದ ಕಲ್ಲಿನಲ್ಲಿ ಉಜ್ಜುತ್ತಿದ್ದ ಇಟ್ಟೋ ಎದ್ದು ಬಂದಳು. "ಕೈಲಾಗದಿದ್ರೆ ಮನೇಲಿ ಕೂತು ಬಟಾಣಿ ಬಿಡಿಸಬಾರದೇನೇ?"

ಮದುವೆಗೆ ಮುಂಚಿನಿಂದ ಹನಿಯಾ ಇದೇ ಹಮ್ಮಾಮಿನಲ್ಲಿ ಮೆಕ್ನೆಸ್ ಪಟ್ಟಣದ ಹೆಂಗಸರ ಮೈ ಉಜ್ಜಿದವಳು. ಇಲ್ಲಿ ಸಂಬಳವಿಲ್ಲ, ಹೆಂಗಸರು ಕೊಟ್ಟಷ್ಟೇ ಸಂಪಾದನೆ. ಗಂಡ ಸತ್ತ ಮೇಲೆ ಮಗಳು ಶಾಮಾಳನ್ನು ಸಾಕಿದ್ದು ಈ ಕೈಯೇ. ಎಲುಬು ಕೂರಿಸುವ ಮುದುಕನ ಬಳಿ ಹೋದರೆ ಅವನು ತೋಳು ತಿರುಚಿ, ಮೇಲೆ ಬರೆಯನ್ನೂ ಹಾಕಿ ಕಳಿಸಿದ್ದ. ನೋವು ಇಮ್ಮಡಿಯಾಗಿತ್ತು.

ಮಗಳ ಕಾಟಕ್ಕೆ ಕೊನೆಗೆ ಆಸ್ಪತ್ರೆಗೆ ಹೋದಳು. ವಯಸ್ಸಿನಲ್ಲಿ ಚಿಕ್ಕವಳಾದ ಡಾಕ್ಟರಮ್ಮ ತೋಳನ್ನು ಮೆಲ್ಲಗೆ ಎತ್ತಿ ಇಳಿಸಿ ನೋಡಿದಳು.

"ಮೂಳೆ ಚೆನ್ನಾಗಿದೆ ಅಮ್ಮಾ. ಭುಜದ ಮೂಳೆ ಕೆಳಗೆ ಒಂದು ತೆಳು ಚೀಲ ಇರತ್ತೆ, ಒಳಗೆ ಉಜ್ಜಾಟ ಆಗದ ಹಾಗೆ ನೋಡ್ಕೊಳ್ಳೋಕೆ. ಅದು ಊದ್ಕೊಂಡಿದೆ. ನೀವು ಕೈ ಎತ್ತಿದಾಗಲೆಲ್ಲ ಅದು ಮೂಳೆಗೆ ಸಿಕ್ಕಿ ನಜ್ಜಾಗತ್ತೆ."

"ಊರವರ ಮೈ ಉಜ್ಜಿದ್ದಕ್ಕೆ ನನ್ನ ಒಳಗೇ ಉಜ್ಜಿ ಹೋಯ್ತಾ?"

"ಹೋಗಿಲ್ಲ, ಕೆರಳಿದೆ. ವಾಸಿಯಾಗತ್ತೆ. ಮಂಜುಗಡ್ಡೆ ಬಟ್ಟೇಲಿ ಸುತ್ತಿ ಇಡಿ. ಕೈ ಭುಜಕ್ಕಿಂತ ಮೇಲೆ ಎತ್ತಬೇಡಿ. ಕೆಲವು ವಾರ ಕೆಲಸ ಬಿಡಿ."

"ಬಿಟ್ರೆ ನನ್ನ ಜಾಗ ಹೋಗತ್ತೆ. ಸೂಜಿ ಹಾಕಿಬಿಡಿ ತಾಯಿ, ದಮ್ಮಯ್ಯ!"

"ಹಾಕ್ತೀನಿ. ಆದರೆ ನೋವು ಇಳೀತು ಅಂತ ತಕ್ಷಣ ಕೆಲಸಕ್ಕೆ ಓಡಿದ್ರೆ ಮತ್ತೆ ಕೆರಳತ್ತೆ, ನೆನಪಿರಲಿ."

ನೋವು ಇಳಿಯಿತು. ಹನಿಯಾ ಓಡಿದಳು. ಹಬ್ಬದ ಹಿಂದಿನ ದಿನ; ಹಮ್ಮಾಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದವರನ್ನೆಲ್ಲ ಹುರುಪಿನಿಂದ ಉಜ್ಜಿದಳು, ಇಟ್ಟೋ ಕಡೆ ನೋಡಿ ನಕ್ಕಳು ಕೂಡ. ಸಂಜೆಯಾಗುವ ಮೊದಲೇ ತೋಳು ಮರದ ಕೊರಡಾಯಿತು. ಮನೆಯ ದಾರಿಯಲ್ಲಿ ತಲೆಯ ವಸ್ತ್ರ ಜಾರಿದರೆ ಎಳೆದುಕೊಳ್ಳಲಾಗದೆ, ಗೋಡೆಗೆ ಮುಖ ಒತ್ತಿ ಬಿಕ್ಕಿದಳು.

ಆಮೇಲೆ ಹಾಸಿಗೆಯೇ ಗತಿ. ಹನಿಯಾಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಶಾಮಾ ಕಾರ್ಖಾನೆಗೆ ಹೋದ ಒಂದು ಬೆಳಿಗ್ಗೆ ತಡೆಯಲಾಗದೆ ಹಮ್ಮಾಮಿಗೆ ಹೋಗಿ, ಗಿರಾಕಿಗಳ ಹಾಗೆ ಮೂಲೆಯಲ್ಲಿ ಕುಳಿತಳು. ಹನಿಯಾ ಉಜ್ಜುತ್ತಿದ್ದ ಕಲ್ಲಿನ ಮುಂದೆ ಈಗ ಇಟ್ಟೋ ಇದ್ದಳು. ಅವಳ ಕೈಕೆಳಗೆ ಅದೇ ಜವಳಿ ವ್ಯಾಪಾರಿಯ ಹೆಂಡತಿ.

ಇಟ್ಟೋ ಹನಿಯಾಳನ್ನು ಕಂಡಳು. ಮೈ ಉಜ್ಜುವ ಕೈಗವಸು ಕಳಚಿ ಎದ್ದು ಬಂದಳು.

"ಏನೇ ಇದು ತಲೆ, ಹಕ್ಕಿಗೂಡಾಗಿದೆ?"

"ನನ್ನ ಜಾಗ ತಗೊಂಡ್ಯಲ್ಲ," ಎಂದಳು ಹನಿಯಾ.

"ತಗೊಂಡೆ. ಇಲ್ದಿದ್ರೆ ಯಜಮಾನಿ ಹೊರಗಿನವಳನ್ನ ಕೂರಿಸ್ತಿದ್ಲು. ನಿನ್ನ ಕೈ ಎದ್ದ ದಿನ ಬಾ, ಜಗಳ ಆಡೋಣ. ಈಗ ತಲೆ ಬಗ್ಗಿಸು."

ಹನಿಯಾ ಬಗ್ಗಿಸಲಿಲ್ಲ. ಇಟ್ಟೋ ಅವಳ ಕತ್ತಿನ ಹಿಂದೆ ಕೈಯಿಟ್ಟು ಮೆಲ್ಲಗೆ ತನ್ನ ಮಡಿಲಿಗೆ ಎಳೆದುಕೊಂಡಳು. ಸಿಕ್ಕುಗಟ್ಟಿದ ಜಡೆ ಬಿಚ್ಚಿದಳು. ಬಲಭುಜಕ್ಕೆ ತಾಗದಂತೆ ಅಂಗೈ ಅಡ್ಡ ಹಿಡಿದು ನೀರು ಸುರಿದಳು.

"ಇಟ್ಟೋ, ನನ್ನ ಬೆನ್ನು ಅರ್ಧಕ್ಕೇ ಬಿಟ್ಟೆಯಲ್ಲೇ!" ಎಂದು ಕಲ್ಲಿನ ಕಡೆಯಿಂದ ಕೂಗು ಬಂತು.

ಇಟ್ಟೋ ತಿರುಗಿ ನೋಡದೆ ಇನ್ನೊಂದು ಬಟ್ಟಲು ನೀರು ಮೊಗೆದಳು.