ಬಿಚ್ಚುವ ಕೊಡೆಗಳ ಪುಟ

ಗೀಚಿ ಎಂಬುದು ಅವಳನ್ನು ಮನೆಯಲ್ಲಿ ಕರೆಯುವ ಹೆಸರು. ಮಾತು ಬರುವ ಮೊದಲೇ ಗೋಡೆ, ನೆಲ, ಅಪ್ಪನ ಬಿಳಿ ಅಂಗಿ ಯಾವುದನ್ನೂ ಬಿಡದೆ ಗೀಚುತ್ತಿದ್ದವಳಿಗೆ ಬೇರೆ ಹೆಸರು ಅಂಟುವ ಹಾಗೂ ಇರಲಿಲ್ಲ. ದೊಡ್ಡವಳಾದ ಮೇಲೆ ಆ ಕೈಗೆ ಸಂಬಳ ಕೊಡುವವರೂ ಸಿಕ್ಕರು. ಅಂಗಡಿಗಳಿಗೆ, ಕಂಪನಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕಚೇರಿ ಅದು. ಸಂಬಳವೇನೋ ಬಂತು, ಗೀಚುವುದು ನಿಂತಿತು.

ಯಾಕೆಂದರೆ ಅಲ್ಲೊಂದು ಅಚ್ಚು ಇತ್ತು. ಮೇಲೆ ಅಗಲವಾದ ಫೋಟೊ, ಅದರಲ್ಲಿ ಹಲ್ಲು ಕಾಣುವಂತೆ ನಗುವ ಯಾರೋ ಒಬ್ಬರು. ಕೆಳಗೆ ಮೂರು ಚೌಕ. ಅದರ ಕೆಳಗೆ 'ಈಗಲೇ ಕೊಳ್ಳಿ' ಎನ್ನುವ ಕಿತ್ತಳೆ ಬಣ್ಣದ ಬಟನ್. ಹಲ್ಲಿನ ಡಾಕ್ಟರಿಗೂ ಅದೇ, ಬಣ್ಣದ ಅಂಗಡಿಗೂ ಅದೇ, ಶವಪೆಟ್ಟಿಗೆ ಮಾಡುವವರಿಗೂ ಅದೇ. ಶವಪೆಟ್ಟಿಗೆಯ ಪುಟದಲ್ಲಿ ನಗುವವರನ್ನು ಎಬ್ಬಿಸಿ ಹೂವಿನ ಫೋಟೊ ಕೂರಿಸಿದ್ದೇ ಆ ವರ್ಷ ಗೀಚಿ ತೋರಿಸಿದ ದೊಡ್ಡ ಪ್ರತಿಭೆ. "ನಮ್ಮದು ಇಟ್ಟಿಗೆ ಗೂಡು ಕಣ್ರೀ, ಮಣ್ಣು ಯಾವ್ದೇ ಇರ್ಲಿ, ಹೊರಗೆ ಬರೋದು ಇಟ್ಟಿಗೇನೇ" ಎನ್ನುತ್ತಿದ್ದ, ಪಕ್ಕದ ಮೇಜಿನಲ್ಲಿ ಪುಟಗಳಿಗೆ ಮಾತು ಬರೆದುಕೊಡುವವನು. ಹೇಳಿ ತಾನೇ ನಗುತ್ತಿದ್ದ. ಗೀಚಿಗೆ ನಗು ಬರುತ್ತಿರಲಿಲ್ಲ.

ಹೀಗಿರುವಾಗ ಕೊಡೆ ಮಾಡುವ ಮುದುಕರೊಬ್ಬರು ಕಚೇರಿಗೆ ಬಂದರು. ಅವರು ಮಾಡುವ ಒಂದು ಕೊಡೆಯಂತೆ ಇನ್ನೊಂದಿಲ್ಲ; ಹಿಡಿಯೇ ಬೇರೆ, ಬಟ್ಟೆಯೇ ಬೇರೆ. ಒಂದರ ಒಳಮೈಯಲ್ಲಿ ಹಕ್ಕಿಗಳು, ಇನ್ನೊಂದರಲ್ಲಿ ಬರೀ ನೀಲಿ. ಗೀಚಿ ಅಚ್ಚಿನ ಪುಟವನ್ನು ಅರ್ಧ ದಿನದಲ್ಲಿ, ಆಕಳಿಸುತ್ತ ಮುಗಿಸಿದಳು. ಆಮೇಲೆ ಕೈ ಸುಮ್ಮನಿರದೆ ತನ್ನದೇ ಒಂದನ್ನು ಮಾಡಿದಳು. ಅದರಲ್ಲಿ ಫೋಟೊವೂ ಇಲ್ಲ, ಚೌಕವೂ ಇಲ್ಲ. ಮಡಿಸಿದ ಕೊಡೆಗಳು ಸಾಲಾಗಿ ನಿಂತಿರುತ್ತವೆ. ಒಂದನ್ನು ಮುಟ್ಟಿದರೆ ಮೆಲ್ಲಗೆ ಬಿಚ್ಚಿಕೊಂಡು ಒಳಮೈ ತೋರಿಸುತ್ತದೆ. ಹಿಡಿಯನ್ನು ಬೆರಳಿನಿಂದ ಎಳೆದರೆ ಅದನ್ನು ಕೊಂಡ ಹಾಗೆ. ಮುದುಕರು ಒಂದೊಂದೇ ಕೊಡೆಯನ್ನು ಮುಟ್ಟಿ ಬಿಚ್ಚಿಸಿ ನೋಡಿದರು. "ನಾನು ಕೊಡೆ ತೋರಿಸೋದೂ ಹಿಂಗೇನೇ" ಎಂದರು ಕೊನೆಗೆ.

ಕಚೇರಿಯ ಯಜಮಾನರು ಕೆಟ್ಟವರಲ್ಲ. ಆದರೆ ಅಂಕಿ ಬಿಟ್ಟು ಇನ್ನೊಂದನ್ನು ನಂಬುವವರೂ ಅಲ್ಲ.

"ಎರಡನ್ನೂ ಜನರ ಮುಂದೆ ಬಿಡೋಣ" ಎಂದರು. "ಬರೋರಲ್ಲಿ ಅರ್ಧ ಜನಕ್ಕೆ ಅಚ್ಚಿನ ಪುಟ ಕಾಣ್ಲಿ, ಅರ್ಧ ಜನಕ್ಕೆ ನಿಮ್ಮದು. ನೂರು ಜನ ಬಂದ್ರೆ ಎಷ್ಟು ಜನ ಕೊಂಡ್ರು, ಅಷ್ಟೇ ಲೆಕ್ಕ. ನಿಮ್ಮದು ಗೆದ್ರೆ ಇನ್ಮೇಲೆ ನೀವು ಅಚ್ಚಿಲ್ದೇ ಮಾಡಿ, ನಾನು ಅಡ್ಡ ಬರೋಲ್ಲ. ಸೋತ್ರೆ ಮತ್ತೆ ಈ ಮಾತು ಎತ್ತಬಾರದು. ಮುಗಿಯೋವರೆಗೂ ಗುರುತಿನವರಿಗೆ ತೋರಿಸ್ಬೇಡಿ, ಲೆಕ್ಕ ಕೆಡುತ್ತೆ."

ಗೀಚಿ ತಲೆ ಆಡಿಸಿದಳು. ತಲೆ ಆಡಿಸುವುದು ಸುಲಭ, ಬಾಯಿಗೆ ಬೀಗ ಹಾಕುವುದು ಕಷ್ಟ. ವರ್ಷಗಟ್ಟಲೆ ಇಟ್ಟಿಗೆ ಸುಟ್ಟವಳು ಮೊದಲ ಸಲ ತನ್ನದು ಅನ್ನುವಂಥದ್ದನ್ನು ಮಾಡಿದ್ದಳು. ಅಮ್ಮನಿಗೂ ತೋರಿಸದಿದ್ದರೆ ಇನ್ನಾರಿಗೆ? ಲಿಂಕ್ ಕಳಿಸಿ, "ನೀನೊಬ್ಬಳೇ ನೋಡು" ಎಂದು ಬರೆದಳು. ಪಂದ್ಯದ ಸುದ್ದಿಯನ್ನು ತಮ್ಮನಿಗೂ ಬಾಯಿ ತಪ್ಪಿ ಹೇಳಿಬಿಟ್ಟಿದ್ದಳು.

ಪರೀಕ್ಷೆ ಮುಗಿದ ಬೆಳಿಗ್ಗೆ ಯಜಮಾನರು ಅಂಕಿಗಳನ್ನು ಅವಳ ಮುಂದಿಟ್ಟರು. ಅಚ್ಚಿನ ಪುಟ ಎಂದಿನಂತೆ ನಡೆದಿತ್ತು. ಗೀಚಿಯ ಪುಟಕ್ಕೆ ಜನವೋ ಜನ. ಬಂದವರು ಮತ್ತೆ ಬಂದಿದ್ದಾರೆ, ಕೊಡೆಗಳನ್ನು ಬಿಚ್ಚಿ ಮಡಿಸಿ ಬಿಚ್ಚಿ ನೋಡಿದ್ದಾರೆ. ಕೊಂಡವರು ಮಾತ್ರ ಬೆರಳೆಣಿಕೆಯಷ್ಟು. ಇಷ್ಟು ಜನ ಎಲ್ಲಿಂದ ಬಂದರು ಎಂದು ಅವಳಿಗೆ ಅನುಮಾನ ಹತ್ತಿತು. ಊಟದ ಬಿಡುವಿನಲ್ಲಿ ಮೆಟ್ಟಿಲ ಹತ್ತಿರ ನಿಂತು ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ಆ ಲಿಂಕ್ ಯಾರಿಗಾದ್ರೂ ಕಳಿಸಿದ್ಯಾ?"

"ಯಾರಿಗೂ ಇಲ್ಲಪ್ಪ, ಮನೆಯವರಿಗೆ ಅಷ್ಟೇ" ಎಂದಳು ಅಮ್ಮ. ಮನೆಯವರು ಎಂದರೆ ಚಿಕ್ಕಮ್ಮ, ಸೋದರಮಾವ, ಮಾವನ ಬೀಗರು, ಬೀಗರ ಪಕ್ಕದ ಮನೆಯವರು. "ನಿನ್ನ ಪುಟಕ್ಕೂ ಇನ್ನೊಂದಕ್ಕೂ ಪಂದ್ಯ ಅಂತ ನಿನ್ನ ತಮ್ಮ ಹೇಳಿದ. ಅದಕ್ಕೇ ಎಲ್ರಿಗೂ ದಿನಾ ನಾಲ್ಕು ಸಲ ತೆಗೆದು ನೋಡಿ ಅಂದೆ. ನಾನಂತೂ ಹಾಲು ಕಾಯೋಕಿಟ್ಟಾಗೆಲ್ಲ ನೋಡ್ತೀನಿ. ಗೆದ್ಯಾ?"

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಮುದ್ದು ಮಾಡಿ ಮಾಡಿಯೇ ಈ ತಾಯಿ ಹೆಗ್ಗಣದ ಉಸಿರು ಕಟ್ಟಿಸಿದ್ದಳು. ಬರೀ ನೋಡಿ, ಕೊಡೆ ಕೊಳ್ಳದೆ ಹೋದ ಪ್ರತಿಯೊಬ್ಬರೂ ಗೀಚಿಯ ಲೆಕ್ಕದಲ್ಲಿ ಒಂದೊಂದು ಸೋಲು. ಅಮ್ಮನನ್ನು ಬೈಯಲು ಬಾಯಿ ಬರಲಿಲ್ಲ. ಆದರೆ ಬೈಗುಳ ನುಂಗಿಕೊಂಡ ಕಡೆಯಲ್ಲೇ ಒಂದು ಆಸೆಯೂ ಹುಟ್ಟಿತು. ಹಾಗಾದರೆ ಪುಟ ಸೋತಿಲ್ಲ! ನೆಂಟರು ಸೋಲಿಸಿದ್ದು!

ನೇರ ಯಜಮಾನರ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡಳು. ಅವರು ರೇಗಲಿಲ್ಲ. ನೇರ ಲಿಂಕಿನಿಂದ ಬಂದವರನ್ನೆಲ್ಲ ಲೆಕ್ಕದಿಂದ ತೆಗೆಸಿದರು. ಉಳಿದ ಅಂಕಿ ನೋಡಿ ಗಲ್ಲ ಕೆರೆದುಕೊಂಡರು. ಅಚ್ಚಿನದೇ ಕೂದಲೆಳೆಯಷ್ಟು ಮುಂದಿತ್ತು.

"ಇದು ಸೋಲೂ ಅಲ್ಲ, ಗೆಲುವೂ ಅಲ್ಲ" ಎಂದರು. "ಇನ್ನೊಂದು ಸಲ ನಡೆಸ್ಬಹುದು. ಅಲ್ಲಾ, ಒಂದು ಮಾತು. ಇಷ್ಟು ಜನ ನಿಮ್ಮೋರು ಇಷ್ಟು ಸಲ ನೋಡಿದಾರಲ್ಲ, ಅವರಲ್ಲಿ ಒಬ್ಬರಿಗೂ ಕೊಡೆ ಬೇಕಾಗ್ಲಿಲ್ವಾ? ಕೇಳಿ ನೋಡಿ."

ಅಷ್ಟೇ ತಾನೇ, ಎಂದುಕೊಂಡಳು ಗೀಚಿ. ತನ್ನನ್ನು ಎತ್ತಿ ಆಡಿಸಿದ ಚಿಕ್ಕಮ್ಮನಿಗೆ ಅಲ್ಲೇ ಫೋನ್ ಹಚ್ಚಿ, ಯಜಮಾನರಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ಕೊಂಡೆ ಕಣೇ, ಯಾಕೆ ಕೊಳ್ಳಲ್ಲ" ಎಂದರು ಚಿಕ್ಕಮ್ಮ. "ನನಗೊಂದು, ನಿಮ್ಮ ಚಿಕ್ಕಪ್ಪಂಗೊಂದು. ನಿಮ್ಮ ಮಾವನೂ ತಗೊಂಡ."

ಗೀಚಿ ಯಜಮಾನರ ಮುಖ ನೋಡಿದಳು. ಅವರು ನಗುತ್ತಿದ್ದರು.

"ನನ್ನ ಪುಟದಲ್ಲೇ ತಾನೇ ಚಿಕ್ಕಮ್ಮ?"

"ಅಯ್ಯೋ, ಅದ್ರಲ್ಲಿ ಹೆಂಗೆ ಕೊಳ್ಳೋದು ಅಂತ ಗೊತ್ತಾಗ್ಲಿಲ್ಲಮ್ಮ. ಮಾವಂಗೂ ಗೊತ್ತಾಗ್ಲಿಲ್ಲ. ಆಮೇಲೆ ಅಂಗಡಿ ಹೆಸರು ಹಾಕಿ ಹುಡುಕಿದ್ವಿ, ಇನ್ನೊಂದು ಬಂತು. ಎಲ್ಲ ಕಡೆ ಇರುತ್ತಲ್ಲ, ಅಂಥದ್ದು. ಬಟನ್ ಇತ್ತು, ಒತ್ತಿದೆ, ಆಯ್ತು. ನಿಂದು ಬಹಳ ಚೆನ್ನಾಗಿದೆ ಕಣೇ, ಅದನ್ನ ನೋಡೋಕೆ ಇಟ್ಕೊಂಡಿದೀವಿ."

ಯಜಮಾನರು ನಗುವುದನ್ನು ನಿಲ್ಲಿಸಿ, ಮೇಜಿನ ಮೇಲಿದ್ದ ಕಾಗದಗಳನ್ನು ಸುಮ್ಮನೆ ಜೋಡಿಸತೊಡಗಿದರು. ಈಗ ರೇಗಿದ್ದರೂ ಚೆನ್ನಾಗಿತ್ತು ಅನ್ನಿಸಿತು ಗೀಚಿಗೆ. ಯಾರ ಮೇಲೆ ಸಿಟ್ಟಾಗುವುದು? ಅಚ್ಚಿನ ಮೇಲೋ, ಅಂಕಿಯ ಮೇಲೋ, ತೋಳಿನಲ್ಲಿ ಎತ್ತಿ ಬೆಳೆಸಿದ ಚಿಕ್ಕಮ್ಮನ ಮೇಲೋ? ಇನ್ನೊಂದು ಸಲ ನಡೆಸುವ ಮಾತನ್ನು ಅವರೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

"ಲೈನಲ್ಲಿದೀಯಾ?" ಚಿಕ್ಕಮ್ಮನಿಗೆ ಸಂಶಯ ಬಂದಿರಬೇಕು. "ಬೇಜಾರಾಯ್ತೇನೇ? ಆ ಇನ್ನೊಂದು ಯಾರು ಮಾಡಿದ್ದು?"

"ಅದೂ ನಾನೇ ಮಾಡಿದ್ದು ಚಿಕ್ಕಮ್ಮ."

"ಹಂಗಾದ್ರೆ ಮತ್ತೇನು" ಎಂದರು ಚಿಕ್ಕಮ್ಮ ನೆಮ್ಮದಿಯಿಂದ. "ನೀನೇ ಗೆದ್ದೆ ಬಿಡು."