ಬೋಣಿ ಹೊತ್ತಿನಲ್ಲಿ ಕೊಟ್ಟ ಹೆಬ್ಬೆಟ್ಟು

ಲಕ್ಷ್ಮೇಶ್ವರದ ಕುಂಬಾರ ಓಣಿಯಲ್ಲಿ ಯಾವ ಹೆಂಗಸಿನ ಕೈಗೆ ಯಾವ ಅಳತೆಯ ಬಳೆ ಎಂದು ಜನ್ನತಬಿಗೆ ಬಾಯಿಪಾಠ. ಇಪ್ಪತ್ತು ವರ್ಷದಿಂದ ಆ ಓಣಿಯವರಿಗೆ ಬಳೆ ತೊಡಿಸುವವಳು ಅವಳೇ. ಆದರೆ ಈಗ ಮೂರು ವಾರವಾಯಿತು, ಅತ್ತ ಕಾಲಿಟ್ಟಿಲ್ಲ. ಬಳೆ ಚೀಲ ಹೆಗಲಿಗೇರಿಸಿ, ಸೆರಗು ಹಣೆಯ ತನಕ ಎಳೆದುಕೊಂಡು, ಬಸ್ ಸ್ಟ್ಯಾಂಡಿನ ಕಡೆಯಿಂದ ದೊಡ್ಡ ಸುತ್ತು ಹಾಕಿ ಹೋಗುತ್ತಾಳೆ.

ಕಾರಣ ಕೇಳಿದರೆ ನೀವು ಅವಳನ್ನು ಬೈಯುತ್ತೀರಿ. ಬೈಯಿರಿ, ಪರವಾಗಿಲ್ಲ. ಅವಳು ತನ್ನನ್ನು ತಾನು ಬೈದುಕೊಂಡಷ್ಟು ನಿಮ್ಮಿಂದಾಗದು.

ಮೂರು ತಿಂಗಳ ಹಿಂದೆ ಬಜಾರಿನಲ್ಲಿ ಒಂದು ಫೋನ್ ಕಂಪನಿಯವರು ದೊಡ್ಡ ಛತ್ರಿ ಹಾಕಿ, ಮೇಜು ಇಟ್ಟು ಕೂತಿದ್ದರು. ಬೆಳಿಗ್ಗೆ ಒಂಬತ್ತೂ ಆಗಿರಲಿಲ್ಲ. ಇಸ್ತ್ರಿ ಅಂಗಿಯ ಏಜೆಂಟ್ ಜನ್ನತಬಿಯನ್ನು ಕಂಡವನೇ ಎದ್ದು ನಿಂತ.

"ಬರ್ರಿ ಅಮ್ಮಾರ, ನನ್ನ ಬೋಣಿ ಇವತ್ತ ನಿಮ್ಮ ಕೈಲೇ ಆಗಲಿ. ನಂಬರ ಹಳೇದ ಇರತೈತಿ, ಸಿಮ್ಮು ಫುಕಟ್. ತಿಂಗಳಿಗೆ ಇನ್ನೂರ ರೂಪಾಯಿ ಕಟ್ಟಿದ್ರ ಆತು, ಹಗಲೂ ರಾತ್ರಿ ಮಾತಾಡ್ರಿ!"

'ಇನ್ನೂರಷ್ಟೇನಪಾ, ಮತ್ತೇನರ ಐತೇನು?' ಎಂಬ ಮಾತು ಜನ್ನತಬಿಯ ನಾಲಿಗೆ ತುದಿಗೆ ಬಂದಿತ್ತು. ಆದರೆ ಬೋಣಿ ಎಂದನಲ್ಲ! ದಿನದ ಮೊದಲ ವ್ಯಾಪಾರ. ಆ ಹೊತ್ತಿನಲ್ಲಿ ಬಂದು ತಕರಾರು ತೆಗೆದು ಬರಿಗೈಲಿ ಎದ್ದು ಹೋಗುವವರನ್ನು ಅವಳೇ ಎಷ್ಟು ಸಲ ಶಪಿಸಿಲ್ಲ? ತಾನೂ ಚೀಲ ಹೊತ್ತು ಮಾರುವವಳು, ಇನ್ನೊಬ್ಬರ ಬೋಣಿ ಕೆಡಿಸುವುದೇ? ಮಾತು ನುಂಗಿದಳು. ಮಷೀನಿನ ಮೇಲೆ ಹೆಬ್ಬೆಟ್ಟು ಇಟ್ಟಳು. ಫೋನಿಗೆ ಬಂದ ಓಟಿಪಿಯನ್ನೂ ಓದಿ ಹೇಳಿದಳು.

ಅಷ್ಟಕ್ಕೇ ನಿಂತಿದ್ದರೆ ಅವಳೊಬ್ಬಳ ನಷ್ಟ. "ನಿಮ್ಮ ಮಾತ ನಾಕ ಮಂದಿ ಕೇಳತಾರ ಅಮ್ಮಾರ. ಐದ ಮಂದೀನ ಕರಕೊಂಡ ಬರ್ರಿ, ನಿಮಗೊಂದ ಸ್ಟೀಲ್ ಡಬ್ಬಿ ಕೊಡತೀನಿ" ಎಂದ ಆ ಭೂಪ. ಜನ್ನತಬಿ ಉಬ್ಬಿಹೋದಳು. ಕುಂಬಾರ ಓಣಿಗೆ ಹೋಗಿ ಗುರುಸಿದ್ದವ್ವ, ಮಂಜವ್ವ ಎನ್ನುತ್ತ ಐದು ಜನರನ್ನು ಕರೆತಂದಳು. ಡಬ್ಬಿಯನ್ನೂ ತಗೊಂಡಳು.

ತಿಂಗಳಾದ ಮೇಲೆ ಬಿಲ್ಲು ಬಂತು. ಹೇಳಿದ್ದರ ದುಪ್ಪಟ್ಟು! ಗುರುಸಿದ್ದವ್ವ ಲೆಕ್ಕ ತಪ್ಪಿರಬೇಕೆಂದು ಕಟ್ಟದೆ ಬಿಟ್ಟಳು. ಮುಂದೆ ಒಂದು ದಿನ ಅವಳ ಫೋನೇ ಬಂದ್ ಆಯಿತು. ಕರೆ ಮಾಡಲಿಕ್ಕೂ ಆಗದು, ಕರೆ ಬರುವುದೂ ಇಲ್ಲ. ಅದೇ ದಿನ ಮುಂಡರಗಿಯಲ್ಲಿ ಅವಳ ಮಗಳಿಗೆ ಹೆರಿಗೆ ನೋವು ಕಾಣಿಸಿತು. ಎರಡನೇ ಹೆರಿಗೆಯಾದ್ದರಿಂದ ಮಗಳು ಅತ್ತೆಯ ಮನೆಯಲ್ಲೇ ಇದ್ದಳು. "ಅವ್ವಗ ಹೇಳ್ರಿ, ಅವ್ವನ ಕರೀರಿ" ಎಂದು ಒಂದೇ ಸಮನೆ ಹಲುಬಿದಳಂತೆ. ಬೀಗರು ಫೋನ್ ಹಚ್ಚಿದ್ದೇ ಹಚ್ಚಿದ್ದು; ಗುರುಸಿದ್ದವ್ವನ ಮನೆಗೆಲ್ಲ ಅದೊಂದೇ ಫೋನು, ಅದು ಹತ್ತಲಿಲ್ಲ. ಮೊಮ್ಮಗಳು ಹುಟ್ಟಿದ ಸುದ್ದಿ ಗುರುಸಿದ್ದವ್ವನಿಗೆ ಮುಟ್ಟಿದ್ದು ಮರುದಿನ ಮಧ್ಯಾಹ್ನ.

ಗುರುಸಿದ್ದವ್ವ ಬೈಯಲಿಲ್ಲ. ನಳದ ಹತ್ತಿರ ನಾಲ್ಕು ಜನ ಕೇಳಿದಾಗ, "ಜನ್ನತವ್ವ ಹೇಳಿದ್ಲಂತ ತಗೊಂಡೆ" ಎಂದಳು, ಅಷ್ಟೇ. ಆ ಮಾತು ಜನ್ನತಬಿಯ ಕಿವಿಗೆ ಬಿತ್ತು. ಅವತ್ತಿನಿಂದ ಅವಳು ಆ ಓಣಿಗೆ ಹೋಗುವುದನ್ನೇ ಬಿಟ್ಟಳು.

ಗಂಡ ಕರೀಮಸಾಬ ಸಮಾಧಾನ ಹೇಳಿದ: "ಯಾರಿಗೂ ಏನೂ ಹೇಳಬ್ಯಾಡ. ಹೆಬ್ಬೆಟ್ಟ ಕೊಟ್ಟ ಮ್ಯಾಲ ಮುಗೀತ. ದೊಡ್ಡ ಕಂಪನಿ ಜೋಡಿ ನಮ್ಮಂಥವ್ರದು ನಡೀತೈತೇನು?"

ಹೀಗಿರುವಾಗ ಒಂದು ಸಂಜೆ ಬಾಗಿಲಲ್ಲಿ ಸುನಿತಾ ಬಂದು ನಿಂತಳು. ಗುರುಸಿದ್ದವ್ವನ ಸೊಸೆ, ಮಹಿಳಾ ಸಂಘದ ಲೆಕ್ಕದ ಪುಸ್ತಕ ಬರೆಯುವವಳು. ಜನ್ನತಬಿಗೆ ತಲೆ ಎತ್ತಲಾಗಲಿಲ್ಲ.

"ನಿಮ್ಮತ್ತಿ ಕಳಿಸ್ಯಾರೇನವಾ, ಬೈದ ಬಾ ಅಂತ?"

"ಇಲ್ರಿ ಜನ್ನತಮ್ಮ, ನಾನ ಬಂದೀನಿ. ನಿಮ್ಮ ಬಿಲ್ಲ ತರ್ರಿ ನೋಡೂನು."

"ನಾ ಡಬ್ಬಿ ತಗೊಂಡೀನವಾ..." ಜನ್ನತಬಿ ಒಲೆಯ ಪಕ್ಕದ ಡಬ್ಬಿಯತ್ತ ಕೈ ತೋರಿಸಿದಳು. "ನಿಮ್ಮತ್ತೀನ ಕರಕೊಂಡ ಹೋಗಿದ್ದಕ್ಕ."

ಸುನಿತಾ ಒಳಗೆ ಬಂದು ಕೂತಳು. ಆಮೇಲೆ, "ಅದನ್ನ ನಮ್ಮತ್ತಿಗೆ ಹೇಳ್ರಿ. ಈಗ ಬಿಲ್ಲ ತರ್ರಿ" ಎಂದಳು.

ಬಿಲ್ಲಿನ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಇನ್ನೂರರ ಮೇಲೆ ತೆರಿಗೆ ಬೇರೆ. ಸೇರಿಕೊಂಡಿದ್ದಕ್ಕೆ ಶುಲ್ಕ. ಫೋನ್ ಮಾಡಿದವರಿಗೆ ಕೇಳಿಸುವ ಹಾಡಿಗೆ ಬಾಡಿಗೆ. ದಿನಾ ಬರುವ ಕ್ರಿಕೆಟ್ ಸುದ್ದಿಗೆ ಬಾಡಿಗೆ.

"ಕ್ರಿಕೆಟ್ಟಾ! ನನಗ್ಯಾಕ ಬೇಕವಾ ಕ್ರಿಕೆಟ್ಟು?" ಜನ್ನತಬಿ ಹೌಹಾರಿದಳು.

"ಒಪ್ಪಿಗಿ ಇಲ್ಲದ ಇಂಥಾವು ಹಚ್ಚಾಕ ಬರಂಗಿಲ್ಲ. ಫೋನ್ ಕಂಪನಿ ಮ್ಯಾಲಿನ ದೂರಿಗೆ ನೂರಾ ತೊಂಬತ್ತೆಂಟ ಅಂತ ನಂಬರ ಐತಿ, ಅದಕ್ಕ ಫೋನ್ ಹಚ್ಚರಿ. ದೂರು ಕೊಟ್ಟು, ಅವರು ಕೊಡೋ ದೂರಿನ ನಂಬರ ಬರಕೊಳ್ಳೂನು."

"ಹೆಬ್ಬೆಟ್ಟ ಕೊಟ್ಟಾಳಲ್ಲವಾ?" ಕರೀಮಸಾಬ ಮೂಲೆಯಿಂದ ಗೊಣಗಿದ.

"ಸಿಮ್ಮಿಗೆ ಕೊಟ್ಟಾರ ಕಾಕಾ. ಕೇಳದ ಇದ್ದ ಹಾಡಿಗೆ ಎಲ್ಲಿ ಕೊಟ್ಟಾರ?"

ಕರೀಮಸಾಬ ಎದ್ದು ಬಂದು ತಾನೇ ಫೋನು ಹಚ್ಚಿ ಕೊಟ್ಟ. ಜನ್ನತಬಿ ತಡವರಿಸುತ್ತಲೇ ಮಾತಾಡಿದಳು. ಹಾಡು, ಕ್ರಿಕೆಟ್ ಎರಡೂ ಬಂದ್ ಆದವು. ಅವುಗಳ ಹಣ ಮುಂದಿನ ಬಿಲ್ಲಿನಲ್ಲಿ ಕಳೆಯುತ್ತೇವೆಂದರು. ಸೇರಿದ ಶುಲ್ಕ ಮಾತ್ರ ವಾಪಸಿಲ್ಲ. ಅದನ್ನು ಮೊದಲೇ ಕೇಳಬೇಕಿತ್ತು.

"ಉಳದ ಐದ ಮಂದಿಗೆ ನಾ ಹೇಳಲೇನ್ರಿ?" ಎಂದಳು ಸುನಿತಾ.

"ಬ್ಯಾಡವಾ. ಕರಕೊಂಡ ಹೋದಾಕಿ ನಾನು. ನಾನ ಹೇಳತೀನಿ."

ಮರುದಿನ ಕುಂಬಾರ ಓಣಿಗೆ ನಡೆದಳು. ಬಸ್ ಸ್ಟ್ಯಾಂಡಿನ ಸುತ್ತು ಹಾಕಲಿಲ್ಲ. ಕಟ್ಟೆಯ ಮೇಲೆ ಗುರುಸಿದ್ದವ್ವ, ಮಂಜವ್ವ ಮತ್ತು ಉಳಿದವರು ಕೂತಿದ್ದರು. ಜನ್ನತಬಿ ನಿಂತೇ ಹೇಳಿದಳು. ಕೇಳದೆ ಹೆಬ್ಬೆಟ್ಟು ಕೊಟ್ಟದ್ದು, ಡಬ್ಬಿಯ ಆಸೆಗೆ ಅವರನ್ನು ಕರೆದೊಯ್ದದ್ದು, ಮೋರೆ ತಪ್ಪಿಸಿಕೊಂಡು ತಿರುಗಿದ್ದು, ಒಂದನ್ನೂ ಬಿಡದೆ ಹೇಳಿದಳು. ಆಮೇಲೆ ದೂರು ಕೊಡುವ ಬಗೆಯನ್ನೂ ಹೇಳಿದಳು.

ಗುರುಸಿದ್ದವ್ವ, "ನನ್ನ ಮಗಳು ಕರದಾಗ ನಾ ಹೋಗಲಿಲ್ಲ. ಅದನ್ನ ನಾ ಮರಿಯಂಗಿಲ್ಲ ಜನ್ನತವ್ವ" ಎಂದಳು.

ಜನ್ನತಬಿ ಅತ್ತುಬಿಟ್ಟಳು.

"ಆದ್ರ ಒಂದ ಮಾತ ಹೇಳತೀನಿ. ಅವತ್ತ 'ಇನ್ನೂರಷ್ಟೇನಪಾ' ಅಂತ ಕೇಳಬೇಕಂತ ನನ್ನ ಬಾಯಿಗೂ ಬಂದಿತ್ತು. ನೀ ಬಾಜೂಕ ನಿಂತಿದ್ದಿ. ಕೇಳಿದ್ರ ನಿನ್ನ ಮ್ಯಾಲ ನಂಬಿಗಿ ಇಲ್ಲ ಅಂದಂಗ ಆಕ್ಕೈತಿ ಅಂತ ನಾಚಿ ಸುಮ್ಮನಾದೆ."

"ನನಗೂ ಕೇಳಬೇಕನಿಸಿತ್ತ" ಎಂದಳು ಮಂಜವ್ವ. "ನೀವ್ಯಾರೂ ಕೇಳಲಿಲ್ಲ. ನಾ ಒಬ್ಬಾಕಿ ಕೇಳಿ ದಡ್ಡಿ ಅನಸಗೊಳ್ಳಲೇನು ಅಂತ ಬಿಟ್ಟೆ."

ಕೇಳಿದಿರಾ ತಾಯಂದಿರೇ? ಬಾಯಿಗೆ ಬಂದ ಪ್ರಶ್ನೆಯನ್ನು ಒಬ್ಬರ ಮೋರೆ ಒಬ್ಬರು ನೋಡಿ ಇವರೆಲ್ಲ ನುಂಗಿಕೊಂಡರು. ಆ ಏಜೆಂಟ್ ಇನ್ನೊಂದು ಸುಳ್ಳು ಹೇಳುವ ಕಷ್ಟವನ್ನೂ ಪಡಬೇಕಾಗಲಿಲ್ಲ.

ಆದ್ದರಿಂದ ಹೆಬ್ಬೆಟ್ಟಿಡುವ ಮೊದಲು, ಓಟಿಪಿ ಹೇಳುವ ಮೊದಲು, ಗಟ್ಟಿಯಾಗಿ ಕೇಳಿ: ತೆರಿಗೆ ಸೇರಿ ತಿಂಗಳಿಗೆ ಒಟ್ಟು ಎಷ್ಟು? ಸೇರಲು ಬೇರೆ ಶುಲ್ಕವಿದೆಯೇ? ನಡುವೆ ಬಿಟ್ಟರೆ ದಂಡವಿದೆಯೇ? ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಎದ್ದು ಬನ್ನಿ. ಮೋಸವಾದರೆ ೧೯೮ಕ್ಕೆ ಫೋನ್ ಮಾಡಿ ದೂರಿನ ನಂಬರ್ ಪಡೆಯಿರಿ. ಅಲ್ಲಿ ನ್ಯಾಯ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ಗ್ರಾಹಕರ ಸಹಾಯವಾಣಿ ೧೯೧೫ ಕೂಡ ಇದೆ.

ಈ ಕಥೆ ಓದಿ ಮುಗಿಸಿದ ಮೇಲೆ ಕೂಡಲೇ ಎದ್ದು ಹೋಗಬೇಡಿ. ಪಕ್ಕದಲ್ಲಿ ಕೂತವರನ್ನು ಒಮ್ಮೆ ಮಾತಾಡಿಸಿ. ಅಂಥ ಬಿಲ್ಲೊಂದನ್ನು ಅವರು ನಾಚಿಕೆಯಿಂದ ಯಾರಿಗೂ ತೋರಿಸದೆ ಇಟ್ಟುಕೊಂಡಿರಬಹುದು.