ಏಳನೆಯ ಉರುಳು

ಆ ಕಾಲುದಾರಿಯಲ್ಲಿ ಒಬ್ಬಳೇ ಹೋದರೆ ಜಿಬುಯಿಲೆಯನ್ನು ನಾಲ್ಕು ಜನ ತಡೆದು ಇಲ್ಲೇನು ಕೆಲಸ ಎಂದು ಕೇಳುತ್ತಾರೆ. ನಾಯಿ ಹಿಡಿದು ಹೋದರೆ ಅವಳು ಮಿಸೆಸ್ ಗೋವೆಂಡರ್ ಮನೆಯ ಕೆಲಸದವಳು. ಹನ್ನೊಂದು ವರ್ಷದಿಂದ ಹೀಗೇ. ಡರ್ಬನ್ನಿನ ಅಂಚಿನ ಆ ಬೀದಿಯ ಹಿತ್ತಿಲು ಮುಗಿದಲ್ಲೇ ಕಾಡು ಶುರು, ಕಾಡಿನೊಳಗೆ ಹೊಳೆಯವರೆಗೆ ದಾರಿ. ಬೆಳಿಗ್ಗೆ ಅಲ್ಲಿ ಅಡ್ಡಾಡುವವರೆಲ್ಲ ಅವಳ ಕೈಲಿರುವ ಎರಡು ನಾಯಿಗಳಲ್ಲಿ ಬ್ರೂನೋನ ತಲೆ ಸವರುತ್ತಾರೆ, ಮುದಿ ಟಿಕಿಯ ಆರೋಗ್ಯ ವಿಚಾರಿಸುತ್ತಾರೆ. ಅವಳ ಹೆಸರು ಕೇಳಿದವರು ಮಾತ್ರ ಇಲ್ಲ.

ಹೋದ ವಾರ ಯಾರದೋ ನಾಯಿ ಅಲ್ಲಿ ತಂತಿಯ ಉರುಳಿಗೆ ಸಿಕ್ಕಿ ಸತ್ತಿತು. ಕಾವಲಿನವರು ಪೊದೆ ಪೊದೆ ಜಾಲಾಡಿ ಆರು ಉರುಳು ಕಿತ್ತು ತಂದು ಗೇಟಿಗೆ ನೇತುಹಾಕಿದರು. ಇನ್ನು ನಾಯಿಗಳನ್ನು ಬಿಡಬಹುದೆಂದು ಕಾಗದವನ್ನೂ ಅಂಟಿಸಿದರು. ಜಿಬುಯಿಲೆ ಆ ತಂತಿಗಳನ್ನು ನೋಡಿದಳು. ಮೂರು ಸುತ್ತು, ತುದಿ ಒಳಕ್ಕೆ ಮಡಚಿದ್ದು. ಅದು ಅವಳ ಅಪ್ಪನ ಗಂಟು. ಅಪ್ಪ ಸತ್ತು ವರ್ಷಗಳಾದವು. ಈಗ ಅದನ್ನು ಹಾಕಬಲ್ಲವರು ಇಬ್ಬರೇ, ಅವಳು ಮತ್ತು ತಮ್ಮ ಲಿಂಡಾನಿ.

ಅಪ್ಪ ಯಾವತ್ತೂ ಏಳು ಹಾಕುತ್ತಿದ್ದ. "ಆರು ಕಾವಲಿನವ್ರಿಗೆ, ಏಳನೇದು ನಮ್ ಮಡಿಕೆಗೆ" ಅನ್ನುತ್ತಿದ್ದ. ಆರು ದಾರಿಯ ಪಕ್ಕದಲ್ಲೇ. ಹುಡುಕುವವನು ಅಷ್ಟು ಸಿಕ್ಕಿದ ಖುಷಿಯಲ್ಲಿ ಮನೆಗೆ ಹೋಗುತ್ತಾನೆ. ಏಳನೆಯದು ನೀರಿನ ಹತ್ತಿರ, ಜಿಂಕೆಯ ಕುತ್ತಿಗೆಯ ಎತ್ತರಕ್ಕೆ. ಬ್ರೂನೋನ ಕುತ್ತಿಗೆಯೂ ಅಷ್ಟೇ ಎತ್ತರ.

ಲಿಂಡಾನಿ ಜೈಲಿನಿಂದ ಬಂದು ನಾಲ್ಕು ತಿಂಗಳಾಗಿತ್ತು. ಇನ್ನೊಮ್ಮೆ ಒಳಗೆ ಹೋದರೆ ಹೊರಗೆ ಬರುವಷ್ಟರಲ್ಲಿ ತಲೆ ನರೆತಿರುತ್ತದೆ. ಬಾಯಿಬಿಟ್ಟರೆ ತಮ್ಮ ಹೋದ, ಬಿಡದಿದ್ದರೆ ಒಂದು ದಿನ ಬ್ರೂನೋ ಹೋಯಿತು. ಅತ್ತ ದರಿ, ಇತ್ತ ಪುಲಿ. ಭಾನುವಾರ ಅವಳು ತಮ್ಮನ ಮನೆಗೇ ನಡೆದಳು.

"ತೆಗ್ದುಬಿಡೋ ಅದನ್ನ."

"ಯಾವ್ದನ್ನ? ಆರೂ ಕಿತ್ಕೊಂಡ್ರಲ್ಲ ನಿನ್ ದೊಡ್ಡಮನುಷ್ಯರು."

"ಏಳನೇದು. ನನ್ ಹತ್ರ ಆಟ ಕಟ್ಬೇಡ."

ಲಿಂಡಾನಿ ಒಲೆಯ ಮೇಲಿನ ಮೆಕ್ಕೆಜೋಳದ ಗಂಜಿ ತಿರುವುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ. "ಅಪ್ಪನ ಲೆಕ್ಕ ಇನ್ನೂ ನೆನಪಿದ್ಯಾ ಅಕ್ಕಾ? ನನ್ ಮಕ್ಳು ಹಸ್ಕೊಂಡಾಗ ಒಂದಿನ ಬರ್ಲಿಲ್ಲ. ನಾಯಿಗೋಸ್ಕರ ಓಡ್ಬಂದೆ ನೋಡು."

"ಹಂಗನ್ಬೇಡ್ವೋ."

ಅವನು ನಕ್ಕುಬಿಟ್ಟ. "ಹೋಗ್ಲಿ ಬಿಡು. ಹೊಳೆ ಹತ್ರ ಅತ್ತಿ ಮರದ ಬುಡದಲ್ಲಿದೆ. ನೀನೇ ಬಿಚ್ಕೊಂಡ್ ಹೋಗು."

ಹುಟ್ಟಿದಾಗಿನಿಂದ ಅವನು ಏನನ್ನೂ ಇಷ್ಟು ಸಲೀಸಾಗಿ ಬಿಟ್ಟುಕೊಟ್ಟವನಲ್ಲ. ಆದರೂ ಅವಳು ನಂಬಿದಳು. ಅಕ್ಕಂದಿರು ಮೋಸಹೋಗುವುದೇ ಹೀಗೆ.

ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಕಾವಲುಗಾರ ಜೋಂಡಿ ಕೂಗಿ ಹೇಳಿದ: "ನಾಯಿ ಬಿಟ್ಬಿಡಮ್ಮಾ, ಇನ್ನೇನ್ ಭಯ?" ಅವಳು ಬಿಡಲಿಲ್ಲ. ಎರಡೂ ಹಗ್ಗಗಳನ್ನು ಮುಂಗೈಗೆ ಸುತ್ತಿಕೊಂಡು ಹೊಳೆಗಿಳಿದಳು. ಕಾಡು ಅಂದು ಯಾಕೋ ಗಪ್ಪಾಗಿತ್ತು. ದಿನವೂ ಕಿಚಕಿಚ ಅನ್ನುವ ಕೋತಿಗಳ ಸುಳಿವಿಲ್ಲ.

ಅತ್ತಿ ಮರದ ಬುಡದಲ್ಲಿ, ಅವನು ಹೇಳಿದಲ್ಲೇ, ಉರುಳಿತ್ತು. ಮೂರು ಸುತ್ತು, ತುದಿ ಒಳಕ್ಕೆ. ಒಂದೇ ಉಸಿರಿಗೆ ಬಿಚ್ಚಿ ಏಪ್ರನ್ನಿನ ಜೇಬಿಗೆ ತುರುಕಿದಳು. ತಮ್ಮ ಉಳಿದ, ನಾಯಿಯೂ ಉಳಿಯಿತು. ಕಣ್ಣಲ್ಲಿ ನೀರೇ ಬಂತು.

"ಹೋಗಪ್ಪಾ, ನೀರ್ ಕುಡಿ" ಎಂದು ಬ್ರೂನೋನ ಹಗ್ಗ ಬಿಚ್ಚಿದಳು. ಅದು ಜೊಂಡಿನ ಕಡೆಗೆ ಹಾರಿತು.

ಕೈ ಒರೆಸಿಕೊಳ್ಳುವಾಗ ಬೆರಳೆಲ್ಲ ಕೆಂಪಗಿತ್ತು. ತುಕ್ಕು. ಗೇಟಿನ ಮೇಲಿದ್ದ ಆರೂ ಹೊಸ ತಂತಿಗಳು. ಇದನ್ನು ಎಲೆಯಿಂದ ಮರೆಮಾಡಿರಲಿಲ್ಲ, ಸುತ್ತ ಒಂದು ಗೊರಸಿನ ಗುರುತೂ ಇರಲಿಲ್ಲ. ಪ್ರಾಣಿ ಓಡಾಡದ ಜಾಗದಲ್ಲಿ, ಹುಡುಕಿ ಬಂದವಳಿಗೆ ಸಿಗಲೆಂದೇ ಇಟ್ಟಿದ್ದು. ಆರು ಕಾವಲಿನವರಿಗೆ, ಏಳನೆಯದು ಅಕ್ಕನಿಗೆ. ಮಡಿಕೆಯದು ಇನ್ನೆಲ್ಲೋ ಇತ್ತು.

"ಬ್ರೂನೋ!"

ಟಿಕಿ ಬಾಲ ಮುದುರಿಕೊಂಡು ಜೊಂಡಿನತ್ತ ನೋಡುತ್ತ ನಡುಗುತ್ತಿತ್ತು.

ಅವಳು ನುಗ್ಗಿ ಓಡಿದಳು. ಜೊಂಡಿನಾಚೆ ಬ್ರೂನೋ ಹಿಂಗಾಲ ಮೇಲೆ ನಿಂತಂತೆ ತೂಗುತ್ತಿತ್ತು, ಬೊಗಳಲು ಉಸಿರಿರಲಿಲ್ಲ. ಒಂದು ತೋಳಲ್ಲಿ ಅದನ್ನೆತ್ತಿ ಹಿಡಿದು ಗಂಟಿಗೆ ಕೈಹಾಕಿದಳು. ಮೂರು ಸುತ್ತು ಇರಲಿಲ್ಲ. ತುದಿಯೇ ಸಿಗಲಿಲ್ಲ. ಇದು ಅಪ್ಪನ ಗಂಟಲ್ಲ, ಜೈಲಿನಲ್ಲಿ ಕಲಿತದ್ದೋ ಏನೋ, ಅವಳಿಗೆ ಗೊತ್ತಿಲ್ಲದ್ದು. ಬೆರಳು ಹರಿದು ರಕ್ತ ಬಂತು.

ಜೋಂಡಿಯ ಹತ್ತಿರ ತಂತಿ ಕತ್ತರಿ ಇದೆ. ಅವನನ್ನು ಕರೆಯಬೇಕೆಂದೇ ಬಾಯಿ ತೆರೆದಳು. ಆದರೆ ಚಿಕ್ಕಂದಿನಲ್ಲಿ ಕಾಡಿನಲ್ಲಿ ಹೆದರಿದಾಗ ಕೂಗುತ್ತಿದ್ದ ಹೆಸರೇ ಹೊರಬಿತ್ತು.

"ಲಿಂಡಾನೀ! ಬಿಚ್ಚೋ, ಲಿಂಡಾನೀ!"

ಕಾಡಿಡೀ ಆ ಹೆಸರು ಕೇಳಿತು. ದಾರಿಯಿಂದ ಜೋಂಡಿ ಓಡಿಬಂದು ತಂತಿ ಕತ್ತರಿಸಿದ. ಬ್ರೂನೋ ಕೆಳಗೆ ಬಿದ್ದು ಗೊರಗೊರ ಉಸಿರೆಳೆದುಕೊಂಡಿತು. ಜೋಂಡಿ ಅದನ್ನು ನೋಡಲಿಲ್ಲ. ಅವಳ ಏಪ್ರನ್ನಿನ ಜೇಬಿನಿಂದ ಇಣುಕುತ್ತಿದ್ದ ತುಕ್ಕು ತಂತಿಯನ್ನು ನೋಡಿದ.

"ಲಿಂಡಾನಿ ಅಂದ್ರೆ ಯಾರಮ್ಮಾ?"